ಶನಿವಾರ ನಿಂತ ಗಾಣ

ನಮ್ಮ ಕಡೆ ಮಾದಲಿಯಿಲ್ಲದೆ ದೊಡ್ಡ ಊಟ ಆಗುವುದಿಲ್ಲ. ಗೋಧಿಯ ದಪ್ಪ ರೊಟ್ಟಿಯನ್ನು ಗರಿಗರಿಯಾಗುವಂತೆ ಬೇಯಿಸಿ, ಕುಟ್ಟಿ ತರಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ, ಪುಟಾಣಿ, ಒಣಕೊಬ್ಬರಿ ಕಲಸಿಟ್ಟರೆ ಎಂಟು ದಿನ ಕೆಡದು. ಉಣ್ಣುವಾಗ ಮೇಲೊಂದು ಮಿಳ್ಳೆ ತುಪ್ಪ. ಮೊಹರಮ್ಮಿನಲ್ಲಿ ಇದೇ ತಿಂಡಿ ಮಾಲ್ದಿ ಎಂಬ ಹೆಸರಿನಲ್ಲಿ ಚೊಂಗೆಯ ಜೊತೆ ಅಲಾಯಿ ದೇವರ ಮುಂದೆ ಹೋಗುತ್ತದೆ. ಈ ಇಬ್ಬರು ಅಕ್ಕತಂಗಿಯರಿಗೆ ಮೂರನೆಯವಳೊಬ್ಬಳು ಇದ್ದಾಳೆಂದು ನನಗೆ ಗೊತ್ತಾದದ್ದು ಒಂದು ಪುಸ್ತಕದಿಂದ. ಅವಳ ಹೆಸರು ಮಲೀದಾ. ಕೊಂಕಣದ ಯಹೂದಿಗಳು ಹರಕೆ ತೀರಿದಾಗ, ಮದುವೆಗೆ ಮುಂಚೆ, ಕಷ್ಟದಿಂದ ಪಾರಾದಾಗ ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನ ತುರಿ, ದ್ರಾಕ್ಷಿ, ಏಲಕ್ಕಿ ಬೆರೆಸಿ, ಸುತ್ತ ಹಣ್ಣು ಜೋಡಿಸಿ ಪ್ರವಾದಿ ಏಲಿಯಾಹುವಿನ ಹೆಸರಿನಲ್ಲಿ ಹಂಚುತ್ತಾರೆ.

ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಒಮ್ಮೆ ಮಾತಾಡುವಾಗ ಈ ಸಂಗತಿ ಹೇಳಿದೆ. ಖಾದಿ ತೊಟ್ಟು ಚಾಪೆಯ ಮೇಲೆ ಕೂತಿದ್ದ ಹುಡುಗರಲ್ಲಿ ಒಬ್ಬ ಎದ್ದು ನಿಂತ. "ಸರ್, ಹಂಗಾರ ಆ ಮಂದಿ ನಮ್ಮ ಹಾವೇರಿ ಕಡೆ ಬಂದಿದ್ರೇನ್ರಿ? ಬಂದಿದ್ರ, ಕಷ್ಟಕ್ಕ ಅವ್ರಿಗೆ ಯಾರ ಆಗ್ತಿದ್ರು?"

ಎರಡನೇ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಬಂದಿದ್ದರೇ ಇಲ್ಲವೇ ಎಂದು ಹುಡುಕುವುದು ಇತಿಹಾಸದವರ ಕಸುಬು. ಯಾರು ಆಗುತ್ತಿದ್ದರು ಎಂದು ಕೇಳುವುದು ಹಳ್ಳಿಯವರ ಕಸುಬು. ಅಲ್ಲಿಂದ ಮೂರು ವರ್ಷ ಆ ಎರಡನೇ ಪ್ರಶ್ನೆಯ ಬೆನ್ನು ಹತ್ತಿದೆ.

ಹೊಸರಿತ್ತಿ ಇಂದು ಹಾವೇರಿ ಜಿಲ್ಲೆಯಲ್ಲಿದ್ದರೂ 1997ರ ತನಕ ಧಾರವಾಡ ಜಿಲ್ಲೆ, 1956ರ ತನಕ ಮುಂಬಯಿಯ ಆಡಳಿತ. ಹೀಗಾಗಿ ನಮ್ಮೂರ ಹಿಂದಿನದೇನು ಹುಡುಕಬೇಕಾದರೂ ಒಂದು ಕಾಲು ಮುಂಬಯಿಯಲ್ಲಿರಬೇಕು. ಮೊದಲು ಕೈಗೆತ್ತಿಕೊಂಡದ್ದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರುಗಳನ್ನು. ಧಾರವಾಡದ ಸಂಪುಟ 1884ರದು. ಆದರೆ ನನಗೆ ಬೇಕಾದ ಜನ ದಟ್ಟವಾಗಿ ಸಿಕ್ಕಿದ್ದು ಅದಕ್ಕಿಂತ ಒಂದು ವರ್ಷ ಹಿಂದಿನ ಕೊಲಾಬಾ ಸಂಪುಟದಲ್ಲಿ. ಅಲಿಬಾಗಿನ ಹತ್ತಿರ ನವಗಾಂವದ ದಂಡೆಯಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿ ಉಳಿದರು, ಅವರ ಸಂತತಿಯೇ ತಾವು ಎನ್ನುವುದು ಆ ಸಮುದಾಯದ ನಂಬಿಕೆ. ತಮ್ಮನ್ನು ಅವರು ಬೆನೆ ಇಸ್ರೇಲ್ ಎಂದು ಕರೆದುಕೊಂಡರು. ಊರವರು ಕರೆದದ್ದು ಬೇರೆ: ಶನಿವಾರ ತೇಲಿ. ತೇಲಿ ಅಂದರೆ ಗಾಣಿಗ. ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಎತ್ತು ಬಿಚ್ಚಿ ಗಾಣ ನಿಲ್ಲಿಸುತ್ತಿದ್ದರು. ನಮ್ಮಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳಿವೆ. ಆ ಗುರುತಿನಿಂದ ಓದಿದರೆ ಇವರು ಯಾರೋ ದೂರದವರು ಅನ್ನಿಸುವುದೇ ಇಲ್ಲ.

ಕಷ್ಟ ಶುರುವಾಗುವುದು ಹೆಸರುಗಳಲ್ಲಿ. ಬೆನೆ ಇಸ್ರೇಲರ ಅಡ್ಡಹೆಸರು ಕೊಂಕಣದ ಊರುಗಳವು. ಕಿಹೀಮ್‌ನವರು ಕೆಹಿಮ್‌ಕರ್, ನಾಗಾಂವದವರು ನಗಾವ್‌ಕರ್, ದಿವೆಯವರು ದಿವೇಕರ್. ಮನೆಮಾತು ಮರಾಠಿ, ಹೆಂಗಸರು ಉಡುವುದು ಸೀರೆ. ಹತ್ತೊಂಬತ್ತನೇ ಶತಮಾನದಲ್ಲಿ ಇವರು ಗಾಣ ಬಿಟ್ಟು ಪಲ್ಟನ್ನು, ರೈಲ್ವೆ, ಅಂಚೆ, ದವಾಖಾನೆಗಳ ನೌಕರಿ ಹಿಡಿದು ಪ್ರಾಂತದ ತುಂಬ ಚದುರಿದರು. ಮುಂಬಯಿ ಕರ್ನಾಟಕದ ಕಡತದಲ್ಲಿ 'ಕರ್' ಎಂದು ಮುಗಿಯುವ ಹೆಸರಿಗೆ ಬರವೇ? ಹಳೆಯ ಶಾಲೆಯೊಂದರ ಜನರಲ್ ರಜಿಸ್ಟರನ್ನು ಮೂರು ಮಧ್ಯಾಹ್ನ ತಿರುವಿದೆ. ರಟ್ಟು ಹುಳ ತಿಂದು ಜರಡಿಯಾಗಿತ್ತು; ಪುಟ ಎತ್ತಿದರೆ ಅಂಚು ಅಂಗೈಯಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಕರ್, ಕರ್, ಕರ್ ಎಂದು ಬೆರಳು ಓಡಿಸುತ್ತ ಪಕ್ಕದ ಜಾತಿಯ ಕಾಲಮ್ಮಿಗೆ ಬಂದರೆ ಪ್ರತಿ ಸಲವೂ ಬೇರೆ ಯಾವುದೋ ಸಮಾಜ. ಮೂರನೇ ದಿನ ಶಾಲೆಯ ಜವಾನ ಚಹಾ ತಂದಿಟ್ಟು, "ಯಾರ ಆಸ್ತಿ ವಾಟ್ನಿ ನಡದೈತ್ರಿ ಸರ?" ಎಂದು ಕೇಳಿದ.

ನಮ್ಮೂರಲ್ಲಿ ಸರಕಾರಿ ಕಡತ ಅಂದರೆ ಇನ್ನೊಂದು ನೆನಪೂ ಏಳುತ್ತದೆ. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ, ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬ್ರಿಟಿಷರ ಕಂದಾಯದ ಠಾಣೆಯ ಮೇಲೆ ಬಿದ್ದು ಗುಂಡಿಗೆ ಬಲಿಯಾದದ್ದು ಇದೇ ಹೊಸರಿತ್ತಿಯಲ್ಲಿ. ಲೆಕ್ಕದ ಪುಸ್ತಕ ಎಂದರೆ ಕಸಿಯುವ ಪುಸ್ತಕ ಎಂಬ ಭಾವನೆ ಇಲ್ಲಿ ಸುಮ್ಮನೆ ಬಂದದ್ದಲ್ಲ. ನಾನು ಹುಡುಕುತ್ತಿದ್ದದ್ದು ಕೊಡುವವರ ಲೆಕ್ಕದ ಪುಸ್ತಕವನ್ನು.

ಅಂಥ ಲೆಕ್ಕ ಯಹೂದಿಗಳಲ್ಲಿ ಬಹಳ ಹಳೆಯದು. ಸುಮಾರು 1,800 ವರ್ಷದ ಹಿಂದೆ ಕ್ರೋಡೀಕರಿಸಿದ ಮಿಶ್ನಾ ಎಂಬ ಅವರ ಶಾಸ್ತ್ರಸಂಗ್ರಹದಲ್ಲಿ 'ಪೇಆ' ಎಂಬ ಭಾಗವೇ ಇದಕ್ಕೆ ಮೀಸಲು. ಪೇಆ ಅಂದರೆ ಹೊಲದ ಮೂಲೆ. ಕೊಯ್ಲಿನಲ್ಲಿ ಮೂಲೆಯ ಪೈರನ್ನು ಬಡವರಿಗೆ ಬಿಡಬೇಕು, ಬಿದ್ದ ತೆನೆಯನ್ನು ಒಡೆಯ ತಿರುಗಿ ಆಯಬಾರದು. ನಮ್ಮ ಹೊಲಗಳಲ್ಲಿ ಹಕ್ಕಲು ಆಯುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಹಕ್ಕಲು ನಮ್ಮಲ್ಲಿ ರೂಢಿ, ಅವರಲ್ಲಿ ಶಾಸನ. ಊರೊಳಗೆ ಇನ್ನೆರಡು ಏರ್ಪಾಟು ಇದ್ದವು. ಒಂದು 'ತಮ್‌ಹೂಯಿ', ದಿನದಿನದ ಅನ್ನದ ತಟ್ಟೆ. ಇನ್ನೊಂದು 'ಕೂಪಾ', ವಾರಕ್ಕೊಮ್ಮೆ ಹಂಚುವ ದುಡ್ಡಿನ ಪೆಟ್ಟಿಗೆ. ಎರಡು ಊಟಕ್ಕಾಗುವಷ್ಟು ಇದ್ದವನು ತಟ್ಟೆಗೆ ಕೈಯೊಡ್ಡಬಾರದು. ಹದಿನಾಲ್ಕು ಊಟಕ್ಕಾಗುವಷ್ಟು ಇದ್ದವನು ಪೆಟ್ಟಿಗೆಗೆ ಕೈಯೊಡ್ಡಬಾರದು. ವಸೂಲಿಗೆ ಇಬ್ಬರಿಗಿಂತ ಕಡಿಮೆ ಹೋಗಕೂಡದು, ಹಂಚುವಾಗ ಮೂವರಿರಬೇಕು. ಇಷ್ಟು ಬಿಗಿಯಾದ ಲೆಕ್ಕ ಕಂಡಾಗ ನಮ್ಮ ಸಹಕಾರಿ ಸಂಘಗಳ ಕಾರ್ಯದರ್ಶಿಗಳ ಮುಖ ನೆನಪಾಗದೆ ಇರಲಿಲ್ಲ.

ಹನ್ನೆರಡನೇ ಶತಮಾನದಲ್ಲಿ ನಮ್ಮಲ್ಲಿ ದಾಸೋಹದ ಮಾತು ಬೆಳೆಯಿತು. ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ, ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಕಟ್ಟಿದ. ಮುಖ ಸಿಂಡರಿಸಿ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೂ, ಪಡೆದವನು ಯಾರೆಂದು ಕೊಟ್ಟವನಿಗೂ ತಿಳಿಯದ ಹಾಗೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕೂ ಮೇಲಿನದು ಮನುಷ್ಯ ಬೀಳುವ ಮುಂಚೆಯೇ ಅವನಿಗೆ ಸಾಲವನ್ನೋ, ಕೆಲಸವನ್ನೋ, ವ್ಯಾಪಾರದಲ್ಲಿ ಪಾಲನ್ನೋ ಕೊಟ್ಟು ನಿಲ್ಲಿಸುವುದು.

ಬಡತನಕ್ಕೆ ಲೆಕ್ಕವಿದ್ದ ಹಾಗೆ ಒಂಟಿತನಕ್ಕೂ ಅವರಲ್ಲಿ ಲೆಕ್ಕವಿದೆ: ಹತ್ತು. ಸಾಮೂಹಿಕ ಪ್ರಾರ್ಥನೆಗೆ, ಸತ್ತವರಿಗಾಗಿ ಹೇಳುವ ಕದ್ದೀಷಿಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು. ಒಂಬತ್ತು ಮಂದಿ ಇದ್ದರೆ ಆಗದು. ಯಾವುದೋ ರೈಲು ನಿಲ್ದಾಣದ ಕ್ವಾರ್ಟರ್ಸಿನಲ್ಲಿ ತಂದೆ ತೀರಿಕೊಂಡ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಆಚೀಚೆ ಎಲ್ಲರೂ ಒಳ್ಳೆಯವರೇ, ಹೆಗಲು ಕೊಡಲು ಬರುವವರೇ. ಆದರೂ ಅವನಿಗೆ ಒಂಬತ್ತು ಜನ ಕಡಿಮೆ. ಇಷ್ಟು ತಿಳಿದ ಮೇಲೆ, ಚದುರಿದವರನ್ನು ಪಟ್ಟಿ ಮಾಡಿಟ್ಟುಕೊಳ್ಳುವುದು ಆ ಸಮಾಜಕ್ಕೆ ಯಾಕೆ ಮೊದಲ ಕೆಲಸವಾಯಿತು ಎನ್ನುವುದು ನನಗೆ ಅರ್ಥವಾಯಿತು.

ಆ ಪಟ್ಟಿ ಮಾಡಿದವರಲ್ಲಿ ದೊಡ್ಡವರು ಹಾಯೀಮ್ ಸ್ಯಾಮುಯೆಲ್ ಕೆಹಿಮ್‌ಕರ್. ಮುಂಬಯಿಯಲ್ಲಿ 1875ರಲ್ಲಿ ತಮ್ಮ ಸಮಾಜದ ಮಕ್ಕಳಿಗೆ ಶಾಲೆ ತೆರೆದವರಲ್ಲಿ ಅವರು ಮುಂದಾಳು. ಅದೇ ಮುಂದೆ ಮಾಜಗಾಂವದ ಸರ್ ಎಲ್ಲಿ ಕದೂರಿ ಶಾಲೆಯಾಯಿತು. ಬೆನೆ ಇಸ್ರೇಲರ ಚರಿತ್ರೆಯನ್ನು ಅವರು 1897ರಲ್ಲಿ ಬರೆದು ಮುಗಿಸಿದರು. ಅಚ್ಚಾದದ್ದು ನಲವತ್ತು ವರ್ಷದ ಮೇಲೆ, 1937ರಲ್ಲಿ, ಅದೂ ಟೆಲ್ ಅವೀವಿನಲ್ಲಿ. ಕನ್ನಡದ ಹಸ್ತಪ್ರತಿಗಳ ಪಾಡು ನೋಡಿ ಮರುಗುವವರಿಗೆ ಇದರಲ್ಲಿ ಒಂದಿಷ್ಟು ಸಮಾಧಾನವಿದೆ.

ಕರ್ನಾಟಕದ ನೆಲ ಈ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಸೆರೆಮನೆಯಾಗಿ. ಕಂಪನಿ ಪಲ್ಟನ್ನಿನ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್, ಜನರ ಬಾಯಲ್ಲಿ ಸಾಮಾಜಿ ಹಸಾಜಿ, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸಿಕ್ಕರು. ನಿಮ್ಮ ಕುಲ ಯಾವುದು ಎಂಬ ಪ್ರಶ್ನೆಗೆ ಬನೀ ಇಸ್ರಾಯೀಲ್ ಎಂದಾಗ, ಕುರಾನಿನಲ್ಲಿ ಬರುವ ಆ ಹೆಸರು ಕೇಳಿ ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರೆಂದು ಸಮುದಾಯದಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಅದರ ಫಲವಂತೂ ಕಲ್ಲು ಗಾರೆಯಲ್ಲಿ ನಿಂತಿದೆ. ಬಿಡುಗಡೆಯಾದವರು ಹರಕೆ ತೀರಿಸಿ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಕಟ್ಟಿಸಿದರು. ಅದರ ಹೆಸರು ಶಾರ್ ಹರಹಮೀಮ್, ಕರುಣೆಯ ಬಾಗಿಲು. ರಸ್ತೆಗೆ ಸ್ಯಾಮುಯೆಲ್ ಸ್ಟ್ರೀಟ್ ಎಂದೇ ಹೆಸರು.

ಸಸೂನರ ಮಾತು ಬರದೆ ಈ ಕಥೆ ಮುಂದೆ ಹೋಗದು. ಬಗ್ದಾದಿನಿಂದ ಬಂದ ಡೇವಿಡ್ ಸಸೂನ್ ಕುಟುಂಬದವರು ಹತ್ತಿ ಮತ್ತು ಅಫೀಮಿನಲ್ಲಿ ದುಡಿದು ಕೋಟ್ಯಧೀಶರಾದರು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಮುಂಬಯಿ ಪೇಟೆಯಲ್ಲಿ ಹುಚ್ಚು ಬೆಲೆ ಬಂದಿತ್ತು. ಪುಣೆಯ ಸಸೂನ್ ಆಸ್ಪತ್ರೆ 1867ರಲ್ಲಿ ತೆರೆಯಿತು. ದಿಕ್ಕಿಲ್ಲದ ಮುದುಕರಿಗೆ, ಅಂಗವಿಕಲರಿಗೆ ಅದೇ ಹೆಸರಿನಲ್ಲಿ ಆದ ಆಶ್ರಯಧಾಮ 'ನಿವಾರಾ' ಎಂಬ ಹೆಸರಿನಿಂದ ಇಂದಿಗೂ ನಡೆದಿದೆ. ಅಲ್ಲಿ ಯಹೂದಿ ಮಾತ್ರ ಎಂಬ ನಿಯಮವಿಲ್ಲ. ದೊಡ್ಡ ಬ್ಯಾನಿಗೆ ಮಿರಜಿ, ಅಲ್ಲೂ ಆಗದಿದ್ದರೆ ಪುಣೆ ಎಂದು ಓಡಿದ ನಮ್ಮ ಹಿರಿಯರಲ್ಲಿ ಯಾರಿಗೂ ಸಸೂನ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಿದ್ದಂತಿಲ್ಲ. ಅಫೀಮಿನ ದುಡ್ಡಿನ ಪುಣ್ಯ ಎಷ್ಟು ತೂಗುತ್ತದೆ ಎನ್ನುವ ತಕರಾರು ನನಗೂ ಇದೆ. ರೋಗಿಗೆ ಅದು ಇರಲಿಕ್ಕಿಲ್ಲ.

ಇಷ್ಟಾದರೂ ಹುಡುಗನ ಪ್ರಶ್ನೆ ಹಾಗೇ ಇತ್ತು. ನಮ್ಮ ಕಡೆ ಯಾರಾದರೂ?

ಉತ್ತರ ಸಿಕ್ಕಿದ್ದು ಹಾವೇರಿಯಿಂದಲ್ಲ, ಗಡಿ ದಾಟಿ ಪಕ್ಕದ ಶಿವಮೊಗ್ಗದಿಂದ. ರಾಣೆಬೆನ್ನೂರಿನಿಂದ ಬಸ್ಸು ಹತ್ತಿದರೆ ಅರ್ಧ ದಿನವೂ ಬೇಡದ ಊರು. 1890ರ ಹೊತ್ತಿಗೆ ಅಲ್ಲಿ ಒಂದು ಬೆನೆ ಇಸ್ರೇಲ್ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೆಸರು ಜೆರೂಷಾ ಜಿರಾಡ್. ಜಿರಾಡ್ ಅನ್ನುವುದೂ ಅಲಿಬಾಗ್ ಪಕ್ಕದ ಹಳ್ಳಿಯೇ. 'ಕರ್' ಇಲ್ಲದ ಕಾರಣ ನನ್ನ ಬೆರಳು ಎಷ್ಟು ಸಲ ಅದನ್ನು ದಾಟಿ ಹೋಗಿತ್ತೋ. ಪುಣೆಯ ಹುಜೂರಪಾಗೆ ಶಾಲೆ, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು, ಆಮೇಲೆ ಸರಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್. 1919ರಲ್ಲಿ ಪ್ರಸೂತಿ ಶಾಸ್ತ್ರದಲ್ಲಿ ಎಂ.ಡಿ. ಚಿಕ್ಕಂದಿನಲ್ಲಿ ಅಕ್ಕನ ಜೀವ ಉಳಿಸಿದ ಮುಂಬಯಿಯ ಕಾಮಾ ಆಸ್ಪತ್ರೆಯಲ್ಲೇ ತಾನೂ ವೈದ್ಯೆಯಾಗಬೇಕೆಂದು ಹಠ ಹಿಡಿದಿದ್ದ ಹುಡುಗಿ 1928ರಿಂದ 1947ರ ವರೆಗೆ ಆ ಆಸ್ಪತ್ರೆಯನ್ನೇ ನಡೆಸಿದಳು. 1966ರಲ್ಲಿ ಪದ್ಮಶ್ರೀ.

ನನ್ನ ಕಣ್ಣು ನಿಂತದ್ದು ಪದವಿ, ಪ್ರಶಸ್ತಿಗಳ ಮೇಲಲ್ಲ. ಒಂದು ವರದಿಯ ಮೇಲೆ. ಮುಂಬಯಿ ನಗರದಲ್ಲಿ ಹೆರಿಗೆಯಲ್ಲಿ ಸಾಯುವ ತಾಯಂದಿರ ಸಾವಿಗೆ ಕಾರಣವೇನು ಎಂದು ಡಾ. ಜಿರಾಡ್ ನಡೆಸಿದ ತನಿಖೆ 1941ರಲ್ಲಿ ಸರಕಾರಿ ಹೆಲ್ತ್ ಬುಲೆಟಿನ್ ಆಗಿ ಅಚ್ಚಾಯಿತು. ಹೆರಿಗೆಯ ಸಾವನ್ನು ಹಣೆಬರಹವೆಂದು ಮಣ್ಣು ಮಾಡಿ ಕೈತೊಳೆಯುತ್ತಿದ್ದ ಕಾಲವದು. ಸತ್ತ ಒಬ್ಬೊಬ್ಬಳನ್ನೂ ಲೆಕ್ಕಕ್ಕೆ ಹಿಡಿದು ಯಾಕೆ ಎಂದು ಕೇಳಿದರು ಈ ಹೆಂಗಸು. ಒಂಬತ್ತು ಇದ್ದರೆ ಸಾಲದು, ಹತ್ತನೆಯವನು ಎಲ್ಲಿ ಎಂದು ಕೇಳುವ ಸಮಾಜದಲ್ಲಿ ಬೆಳೆದವರಿಗೆ ಹೀಗೆ ಎಣಿಸುವುದು ರಕ್ತದಲ್ಲೇ ಬಂದಿತ್ತೇನೋ. ಇದು ನನ್ನ ಅನ್ನಿಸಿಕೆ, ಪುರಾವೆ ಕೇಳಬೇಡಿ. ತಮ್ಮ ಸಮಾಜದ ಹೆಂಗಸರಿಗಾಗಿ 1913ರಲ್ಲಿ ಹುಟ್ಟಿದ ಬೆನೆ ಇಸ್ರೇಲ್ ಸ್ತ್ರೀ ಮಂಡಳದ ಕೆಲಸದಲ್ಲೂ ಅವರಿದ್ದರು. 1925ರಲ್ಲಿ ಸೋದರಿಯ ಜೊತೆ ನಿಂತು ಉದಾರ ಪಂಥದ ಯಹೂದಿ ಧಾರ್ಮಿಕ ಸಂಘವನ್ನೂ ಕಟ್ಟಿದರು.

ಬೆಂಗಳೂರಿನ ಕಡತ ಬೇರೆಯೇ ಬಗೆಯದು; ಅದು ಕಲ್ಲಿನ ಮೇಲಿದೆ. ಮೈಸೂರು ರಸ್ತೆಯ ಯಹೂದಿ ಸ್ಮಶಾನಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿನ ಹಳೆಯ ಗೋರಿ ಸುಬೇದಾರ್ ಸ್ಯಾಮುಯೆಲ್ ನಗಾವ್‌ಕರರದು. ಮತ್ತದೇ ಕೊಂಕಣದ ಹಳ್ಳಿ, ಮತ್ತದೇ ಪಲ್ಟನ್ನು. ಕಮರ್ಷಿಯಲ್ ಸ್ಟ್ರೀಟಿನ ಹೆಸರಾಂತ ಚಪ್ಪಲಿ ಅಂಗಡಿಯ ರೂಬಿನ್ ಮೋಸೆಸ್ ಮನೆಯವರ ಕಾಲದಲ್ಲಿ ಊರಿನ ಬೆರಳೆಣಿಕೆಯ ಯಹೂದಿಗಳು ಹಬ್ಬಕ್ಕೆ ಸೇರುತ್ತಿದ್ದದ್ದೂ ಒಂದು ಮನೆಯಲ್ಲೇ. ಸಿನಗಾಗ್ ಇಲ್ಲದ ಊರಿನಲ್ಲಿ ಮೊದಲು ಬೇಕಾದದ್ದು ಸ್ಮಶಾನ. ಹೆಣ ತೊಳೆದು, ಬಡವ ಬಲ್ಲಿದ ಭೇದವಿಲ್ಲದೆ ಒಂದೇ ತೆರನ ಬಿಳಿ ಬಟ್ಟೆ ಸುತ್ತಿ ಮಣ್ಣು ಮಾಡುವ ಬಳಗಕ್ಕೆ 'ಹೆವ್ರಾ ಕದೀಷಾ' ಎನ್ನುತ್ತಾರೆ. ಸತ್ತವನು ಋಣ ತೀರಿಸಲಾರ, ಹಾಗಾಗಿ ಅದೇ ನಿಜವಾದ ದಯೆ ಎಂಬುದು ಅವರ ಲೆಕ್ಕ. ಗೋರಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲು ಇಟ್ಟು ಹೋಗುವುದು ವಾಡಿಕೆ. ನಾನು ವರದಾ ಹೊಳೆಯ ಒಂದು ಬೆಣಚುಕಲ್ಲು ಕಿಸೆಯಲ್ಲಿ ಒಯ್ದಿದ್ದೆ.

ಹಿಟ್ಲರನ ಕಾಲದ ಕಡತ ಬೇಕೆಂದರೆ ಮತ್ತೆ ಮುಂಬಯಿ. ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದವರಿಗಾಗಿ 1934ರಲ್ಲಿ ಅಲ್ಲಿ ಯಹೂದಿ ಪರಿಹಾರ ಸಂಘ ಹುಟ್ಟಿತು. ಅದರ ದೊಡ್ಡ ಕೆಲಸ ಗಂಜಿ ಹಾಕುವುದಲ್ಲ, ಜಾಮೀನು ನಿಲ್ಲುವುದು. ಈ ಮನುಷ್ಯ ಸರಕಾರಕ್ಕೆ ಹೊರೆಯಾಗುವುದಿಲ್ಲ, ಹೊಣೆ ನಮ್ಮದು ಎಂದು ಸಂಘ ಬರೆದುಕೊಟ್ಟ ಕಾಗದದ ಬಲದಿಂದ ಎಷ್ಟೋ ಮಂದಿಗೆ ಭಾರತದ ಬಾಗಿಲು ತೆರೆಯಿತು. 1939ರಲ್ಲಿ ಯುದ್ಧ ಶುರುವಾಗಿ, ಜರ್ಮನರೆಂಬ ಒಂದೇ ಕಾರಣಕ್ಕೆ ಇವರನ್ನೂ ಶತ್ರುಗಳೆಂದು ಶಿಬಿರಕ್ಕೆ ಹಾಕಿದಾಗ ಬಿಡಿಸಲು ಓಡಾಡಿದ್ದೂ ಅದೇ ಸಂಘ. ಮೈಸೂರು ಸಂಸ್ಥಾನ ಹಿಡಿದ ದಾರಿ ಮೈಮೊನಿಡಿಸನ ಎಲ್ಲಕ್ಕೂ ಮೇಲಿನ ಮೆಟ್ಟಿಲಿನದು, ಕೆಲಸ ಕೊಡುವುದು. ಬರ್ಲಿನ್ನಿನ ಓಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಕೈಕೆಳಗೆ ಸರಕಾರಿ ವಾಸ್ತುಶಿಲ್ಪಿಯಾದರು. ನಮಗೆ ಹತ್ತಿರದ ಭದ್ರಾವತಿಯ ನಗರ ಯೋಜನೆಯಲ್ಲೂ ಅವರ ಕೈಯಿದೆ. ಅದಕ್ಕೂ ಮುಂಚೆ, 1935ರಲ್ಲಿ, ಅವರ ಬಂಧು, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. ಕಾಯಂ ಹುದ್ದೆ ಆಗಲಿಲ್ಲ. ಹೊರಟುಹೋದ ಆ ಮನುಷ್ಯನಿಗೆ 1954ರಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ಕೂಡಿಸಿಕೊಂಡು ಗುರುಕುಲಕ್ಕೆ ಮತ್ತೆ ಹೋಗುವ ಮುನ್ನ ಗಾಂಧೀಜಿ ಬರೆದ ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಚರಿತ್ರೆಯನ್ನು ಇನ್ನೊಮ್ಮೆ ತೆರೆದೆ. ಹಲವು ಸಲ ಓದಿದ್ದ ಪುಸ್ತಕ. ಈ ಸಲ ಟಾಲ್‌ಸ್ಟಾಯ್ ಫಾರ್ಮಿನ ಅಧ್ಯಾಯದಲ್ಲಿ ಕೈ ನಿಂತಿತು. ಜೈಲಿಗೆ ಹೋದ ಸತ್ಯಾಗ್ರಹಿಗಳ ಮನೆಯವರಿಗೆ ಮೊದಲು ತಿಂಗಳ ತಿಂಗಳ ಅವರವರ ಅಗತ್ಯ ನೋಡಿ ದುಡ್ಡು ಕೊಡುತ್ತಿದ್ದರು. ಅದರಲ್ಲಿ ಸುಳ್ಳು ಹೇಳುವವನಿಗೆ ಲಾಭ, ಪ್ರಾಮಾಣಿಕನಿಗೆ ನಷ್ಟ. ಎಲ್ಲ ಸಂಸಾರಗಳೂ ಒಂದೇ ಕಡೆ ಇದ್ದು, ದುಡಿದು, ಒಂದೇ ಒಲೆಯಲ್ಲಿ ಉಂಡರೆ ಈ ಕಾಟ ತಪ್ಪುತ್ತದೆ ಎಂದು ಗಾಂಧಿಗೆ ಹೊಳೆಯಿತು. ಜಾಗ ಎಲ್ಲಿ? 1910ರ ಮೇ 30ರಂದು ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ಲಾಲಿಯಲ್ಲಿ ಸುಮಾರು 1,100 ಎಕರೆ ಕೊಂಡು, ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವರು ಹರ್ಮನ್ ಕ್ಯಾಲೆನ್‌ಬಾಕ್. ವೃತ್ತಿಯಿಂದ ವಾಸ್ತುಶಿಲ್ಪಿ, ಹುಟ್ಟಿನಿಂದ ಯಹೂದಿ. ಹತ್ತಿರ ಹತ್ತಿರ ಸಾವಿರ ಹಣ್ಣಿನ ಗಿಡ, ಎರಡು ಬಾವಿ, ಗುಡ್ಡದ ಬುಡದಲ್ಲಿ ಒಂದು ಸಣ್ಣ ಮನೆ. ತಮಿಳರು, ತೆಲುಗರು, ಗುಜರಾತಿಗಳು, ಹಿಂದೂ, ಮುಸಲ್ಮಾನ, ಪಾರ್ಸಿ, ಕ್ರೈಸ್ತ ಎಲ್ಲರಿಗೂ ಒಂದೇ ಅಡುಗೆಮನೆ. ಕ್ಯಾಲೆನ್‌ಬಾಕ್ ಮಠವೊಂದಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧಿ ಕಲಿತರು. ಗಾಂಧಿಯಿಂದ ಉಳಿದವರು ಕಲಿತರು. ಮಕ್ಕಳಿಗೆ ಅಕ್ಷರದ ಜೊತೆ ಕೈಕಸುಬು ಕಲಿಸುವ ಪ್ರಯೋಗವನ್ನು ಗಾಂಧಿ ಕೈಹಿಡಿದು ನಡೆಸಿದ್ದು ಅಲ್ಲಿ. 1937ರಲ್ಲಿ ವಾರ್ಧಾದಿಂದ ಹೊರಟ ನಯೀ ತಾಲೀಮಿನ ಬೇರು ಆ ಹೊಲದಲ್ಲಿದೆ.

ಹೊಸರಿತ್ತಿಯ ಹುಡುಗರು ನೂಲುವುದು, ದನ ಕಟ್ಟುವುದು, ತಮ್ಮ ತಾಟು ತಾವೇ ತೊಳೆಯುವುದು, ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಈ ಊರಿಗೆ ಗಾಂಧಿಯ ಶಾಲೆ ಬಂದದ್ದು, ಎಲ್ಲದರ ಹಿಂದೆ ಆ 1,100 ಎಕರೆ ಇದೆ. ನಾನು ಮೂರು ವರ್ಷ ಕೊಲಾಬಾ, ಪುಣೆ, ಬೆಂಗಳೂರು ಸುತ್ತಿದ್ದೆ.

ಈಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1951ರಲ್ಲಿ ಭಾರತದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. 2011ರ ಜನಗಣತಿಯಲ್ಲಿ ಐದು ಸಾವಿರಕ್ಕಿಂತ ಕಡಿಮೆ. ಬಹುಪಾಲು ಮಂದಿ ಇಸ್ರೇಲಿಗೆ ಹೋದರು. ಉಳಿದವರಲ್ಲಿ ಮುದುಕರು ಬಹಳ, ಮಕ್ಕಳು ಸಮುದ್ರದಾಚೆ. ಜಾಯಿಂಟ್ ಎಂದು ಹೆಸರಾದ ಅಮೆರಿಕದ ಯಹೂದಿ ನೆರವು ಸಂಸ್ಥೆ 1960ರ ದಶಕದಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿದೆ. ಬಡವರಿಗೆ ತಿಂಗಳ ನೆರವು, ಔಷಧಿ, ಒಂಟಿ ಹಿರಿಯರ ಮನೆಗೆ ಭೇಟಿ, ಹಬ್ಬಕ್ಕೆ ಎಲ್ಲರನ್ನೂ ಒಂದು ಕಡೆ ಸೇರಿಸುವುದು. ಮಕ್ಕಳೆಲ್ಲ ಬೆಂಗಳೂರು ಸೇರಿ, ಜೋಳದ ರೊಟ್ಟಿ ಬಡಿಯುವ ಕೈ ಒಂದೇ ಉಳಿದ ಮನೆಗಳು ನಮ್ಮ ಓಣಿಯಲ್ಲೂ ಇವೆ. ಅವುಗಳ ಪಟ್ಟಿ ಯಾರ ಹತ್ತಿರವೂ ಇಲ್ಲ.

ಗುರುಕುಲದ ಆ ಹುಡುಗ ಹತ್ತನೇ ಇಯತ್ತೆ ಮುಗಿಸಿ ಹೋಗಿಬಿಟ್ಟಿದ್ದ. ಉಳಿದವರಿಗೆ ಕ್ಯಾಲೆನ್‌ಬಾಕರ ಚಪ್ಪಲಿಯ ಕಥೆ ಹೇಳಿ ಬಂದೆ.

ಓದುಗರಲ್ಲಿ ಒಂದು ವಿನಂತಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕಿನ ನೂರು ವರ್ಷ ದಾಟಿದ ಶಾಲೆಗಳ ಕಪಾಟಿನಲ್ಲಿ ಹಳೆಯ ಜನರಲ್ ರಜಿಸ್ಟರುಗಳು ಇನ್ನೂ ಇವೆ. ಅವನ್ನು ರದ್ದಿಗೆ ತೂಗುವ ಮುಂಚೆ, ರೈಲ್ವೆ, ಅಂಚೆ, ದವಾಖಾನೆಯ ನೌಕರರ ಮಕ್ಕಳ ಸಾಲಿನಲ್ಲಿ ಜಾತಿಯ ಕಾಲಮ್ಮಿಗೆ ಒಮ್ಮೆ ಕಣ್ಣು ಹಾಯಿಸಿ. ಇಸ್ರೇಲ್, ಇಸ್ರಾಯಿಲ್, ಜ್ಯೂ, ತೇಲಿ, ಯಾವ ಕಾಗುಣಿತದಲ್ಲಿದ್ದರೂ ಸರಿ, ಆ ಪುಟದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. 'ಕರ್' ಇಲ್ಲದ ಹೆಸರುಗಳನ್ನೂ ಬಿಡಬೇಡಿ.